ಕೆಟ್ಟ ಕನಸಿನಿಂದ ಫೋಬಿಯಾ ಬರ್ತದಾ?

ಕಳೆದ ವರ್ಷ ಜುಲೈ ತಿಂಗಳಲ್ಲಿ ಒಂಬತ್ತನೇ ತರಗತಿಯ ಒಬ್ಬ ಹುಡುಗ ಒಂದು ವಾರವಿಡೀ ಶಾಲೆಗೆ ತಡವಾಗಿ ಬಂದ. ಮೊದಲ ಎರಡು ದಿನ ನಾನು ಎಂತದೂ ಹೇಳಲಿಲ್ಲ. ಬೆಳ್ಳೂರಿನ ಮಳೆ ನಿಮಗೆ ಗೊತ್ತುಂಟಲ್ಲ, ಕಲೆಕ್ಟರು ರಜೆ ಕೊಡದ ದಿನವೂ ಅರ್ಧ ಮಕ್ಕಳು ಒದ್ದೆಯಾಗಿಯೇ ಬರುವುದು. ಮೂರನೇ ದಿನ ಬೈದೆ. ನಾಲ್ಕನೇ ದಿನ ಕ್ಲಾಸಿನ ಹೊರಗೆ ನಿಲ್ಲಿಸಿದೆ. ಅದು ತಪ್ಪಾಯಿತು ಅಂತ ಆಮೇಲೆ ಗೊತ್ತಾಯಿತು.

ಅವನ ಮನೆಗೂ ರಸ್ತೆಗೂ ನಡುವೆ ಒಂದು ತೋಡು ಉಂಟು. ದಾಟಲು ಎರಡು ಅಡಿಕೆ ಮರ ಹಾಕಿದ ಸಂಕ. ಹುಡುಗ ಒಂದನೇ ಕ್ಲಾಸಿನಿಂದಲೂ ಅದರ ಮೇಲೆಯೇ ಓಡಾಡಿದವನು. ಒಂದು ರಾತ್ರಿ ಕನಸು ಬಿತ್ತು: ಸಂಕದ ನಡುವಿಗೆ ಬರುವಾಗ ಮರ ಮಗುಚಿತು, ಕೆಂಪು ನೀರಿಗೆ ಬಿದ್ದ, ಕೂಗಲಿಕ್ಕೆ ಹೊರಟರೆ ಸ್ವರವೇ ಬರಲಿಲ್ಲ. ಎಚ್ಚರಾಗುವಾಗ ಮೈಯೆಲ್ಲ ಬೆವರು. ಮರುದಿನ ಬೆಳಿಗ್ಗೆ ಸಂಕದ ಹತ್ತಿರ ಬಂದು ನಿಂತ, ಎದೆ ಹೊಡೆದುಕೊಂಡಿತು, ಹಿಂದೆ ಹೋದ. ಅಲ್ಲಿಂದ ಮೇಲೆ ಗುಡ್ಡೆ ಸುತ್ತಿ ಎರಡು ಕಿಲೋಮೀಟರು ಹೆಚ್ಚು ನಡೆದು ಬರಲು ಶುರು ಮಾಡಿದ. ಸ್ವಲ್ಪ ದಿನದಲ್ಲಿ ಕೈಹಿಡಿ ಇರುವ ಕಾಂಕ್ರೀಟಿನ ಸೇತುವೆಯಲ್ಲಿಯೂ ಅವನಿಗೆ ಕಾಲು ನಡುಗತೊಡಗಿತು. ಮನೆಯಲ್ಲಿ ಅಜ್ಜಿ, "ಕನಸು ಸುಮ್ಮನೆ ಬೀಳುವುದಿಲ್ಲ ಮಗಾ, ಆ ದಾರಿಯಲ್ಲಿ ಹೋಗುವುದೇ ಬೇಡ" ಅಂದರಂತೆ.

ಇದೆಲ್ಲ ನನಗೆ ಗೊತ್ತಾದದ್ದು ಅವನು ಒಂದು ದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ಸರ್, ಕನಸಿನಿಂದ ಫೋಬಿಯಾ ಬರ್ತದಾ?" ಅಂತ ಕೇಳಿದ ಮೇಲೆ. ನಾನು ಬಿಎಸ್ಸಿ ಓದಿದವನು, ಮನಃಶಾಸ್ತ್ರ ಓದಿದ್ದು ಬಿಎಡ್‌ನಲ್ಲಿ ಪರೀಕ್ಷೆಗೆ ಬೇಕಾದಷ್ಟು. ನಾಳೆ ಹೇಳ್ತೇನೆ ಅಂದೆ. ಆ ನಾಳೆ ಬರಲು ಎರಡು ವಾರ ಹಿಡಿಯಿತು. ಓದಿ ತಿಳಿದದ್ದನ್ನು ಈಗ ನಿಮಗೂ ಹೇಳುತ್ತೇನೆ.

ಮೊದಲು ಹೆದರಿಕೆಯನ್ನೂ ಫೋಬಿಯಾವನ್ನೂ ಬೇರೆ ಬೇರೆ ಮಾಡಿಕೊಳ್ಳೋಣ. ಹೆದರಿಕೆ ರೋಗವಲ್ಲ. ಅಪಾಯ ಕಂಡಾಗ ಸಿಂಪತೆಟಿಕ್ ನರವ್ಯೂಹ ಕೆಲಸಕ್ಕಿಳಿಯುತ್ತದೆ, ಅಡ್ರಿನಲಿನ್ ಸುರಿಯುತ್ತದೆ, ಹೃದಯ ಬಡಿತ ಏರುತ್ತದೆ, ಕಣ್ಣಪಾಪೆ ಅಗಲವಾಗುತ್ತದೆ, ಜೀರ್ಣಕ್ರಿಯೆ ನಿಧಾನವಾಗುತ್ತದೆ. ಓಡಲಿಕ್ಕೆ ಅಥವಾ ಎದುರಿಸಲಿಕ್ಕೆ ದೇಹ ತಯಾರಾಗುವ ಕ್ರಮ ಅದು. ನಮ್ಮ ದೇಶದಲ್ಲಿ 2000ದಿಂದ 2019ರವರೆಗಿನ 20 ವರ್ಷಗಳಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಮಂದಿ ಎಂದು 'ಮಿಲಿಯನ್ ಡೆತ್ ಸ್ಟಡಿ' ಎಂಬ ದೊಡ್ಡ ಅಧ್ಯಯನ ಲೆಕ್ಕ ಹಾಕಿದೆ. ಹಾಗಿರುವಾಗ ರಾತ್ರಿ ತೋಟಕ್ಕೆ ಟಾರ್ಚ್ ಇಲ್ಲದೆ ಹೋಗಲು ಹೆದರುವವನು ಬುದ್ಧಿವಂತ. ಆದರೆ ಪಾಠಪುಸ್ತಕದಲ್ಲಿ ಹಾವಿನ ಚಿತ್ರ ಇರುವ ಪುಟವನ್ನು ತಿರುಗಿಸಲಿಕ್ಕೇ ಆಗದೆ, ಆ ಪುಸ್ತಕವನ್ನೇ ಮುಟ್ಟದೆ ಒಬ್ಬಳು ತಿಂಗಳುಗಟ್ಟಲೆ ಒದ್ದಾಡಿದರೆ ಅದು ಬೇರೆ. ಅಪಾಯಕ್ಕಿಂತ ಹೆದರಿಕೆ ಎಷ್ಟೋ ಪಾಲು ದೊಡ್ಡದಾಗಿರುವುದು, ಆರು ತಿಂಗಳಾದರೂ ಹೋಗದಿರುವುದು, ಓದು, ಓಡಾಟ, ನಿದ್ದೆ ಇವುಗಳಿಗೆ ಅಡ್ಡ ಬರುವುದು, ಇಷ್ಟು ಇದ್ದರೆ ವೈದ್ಯರು ಅದನ್ನು ಫೋಬಿಯಾ ಅನ್ನುತ್ತಾರೆ. ಈ ಲೆಕ್ಕದಲ್ಲಿ ನಮ್ಮ ಹುಡುಗನದ್ದು ಜುಲೈಯಲ್ಲಿ ಇನ್ನೂ ಫೋಬಿಯಾ ಆಗಿರಲಿಲ್ಲ. ಆದರೆ ಆಗುವ ದಾರಿಯಲ್ಲಿತ್ತು.

ಇನ್ನು ಕನಸು. 1953ರಲ್ಲಿ ಅಮೆರಿಕದ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಯೂಜೀನ್ ಅಸೆರಿನ್ಸ್ಕಿ ಮತ್ತು ಅವರ ಗುರು ನಥಾನಿಯಲ್ ಕ್ಲೈಟ್ಮನ್ ಒಂದು ವಿಷಯ ಪ್ರಕಟಿಸಿದರು. ನಿದ್ದೆ ಮಾಡುವವರ ಕಣ್ಣು ಕೆಲವು ಹೊತ್ತು ರೆಪ್ಪೆಯ ಒಳಗೇ ವೇಗವಾಗಿ ಓಡಾಡುತ್ತದೆ, ಆ ಹೊತ್ತಿನಲ್ಲಿ ಎಬ್ಬಿಸಿದರೆ ಹೆಚ್ಚಿನವರು ಕನಸು ಹೇಳುತ್ತಾರೆ. ಅಸೆರಿನ್ಸ್ಕಿ ಮೊದಮೊದಲು ಪರೀಕ್ಷೆ ಮಾಡಿದ್ದು ಎಂಟು ವರ್ಷದ ಸ್ವಂತ ಮಗನ ಮೇಲೆ. ಈ ನಿದ್ದೆಗೆ 'ರೆಮ್' ನಿದ್ದೆ ಎಂದು ಹೆಸರು. ಸುಮಾರು 90 ನಿಮಿಷಕ್ಕೊಮ್ಮೆ ಅದು ಬರುತ್ತದೆ, ಬೆಳಗಾಗುತ್ತಾ ಬಂದ ಹಾಗೆ ಅದರ ಅವಧಿ ಉದ್ದವಾಗುತ್ತದೆ. 'ಬೆಳಗಿನ ಜಾವದ ಕನಸು ನಿಜವಾಗ್ತದೆ' ಅಂತ ನಮ್ಮಲ್ಲಿ ಹೇಳುವುದುಂಟಲ್ಲ? ನಿಜವಾಗುವುದಲ್ಲ, ನೆನಪಿರುವುದು. ಉದ್ದದ ಕನಸು ಬೀಳುವುದು ಆಗಲೇ, ಅದರಿಂದ ನೇರವಾಗಿ ಎಚ್ಚರಾಗುವುದೂ ಆಗಲೇ.

ರೆಮ್ ನಿದ್ದೆಯಲ್ಲಿ ಮೆದುಳಿನ ಎಲ್ಲ ಭಾಗ ಒಂದೇ ಹಾಗೆ ಇರುವುದಿಲ್ಲ. ಹೆದರಿಕೆ, ಸಿಟ್ಟು ಮುಂತಾದ ಭಾವನೆಗಳಲ್ಲಿ ಪಾತ್ರವಿರುವ ಅಮಿಗ್ಡಾಲ ಎಂಬ ಬಾದಾಮಿ ಆಕಾರದ ಭಾಗ ಆಗ ಚುರುಕಾಗಿರುತ್ತದೆ. 'ಇದು ಹೇಗೆ ಸಾಧ್ಯ?' ಎಂದು ವಿಚಾರಿಸುವ ಸೆರೆಬ್ರಮ್‌ನ ಮುಂಭಾಗ ಸುಮ್ಮನಿರುತ್ತದೆ. ಹಾಗಾಗಿಯೇ ಕನಸಿನಲ್ಲಿ ಸತ್ತುಹೋದ ಅಜ್ಜ ಬಂದು ಮಾತಾಡಿದರೂ ನಮಗೆ ಆಶ್ಚರ್ಯ ಆಗುವುದಿಲ್ಲ. ಇದರ ಜೊತೆಗೆ ಕಣ್ಣು, ಉಸಿರಾಟದ ಸ್ನಾಯುಗಳನ್ನು ಬಿಟ್ಟು ಕೈಕಾಲಿನ ಸ್ನಾಯುಗಳಿಗೆ ಹೋಗುವ ಅಪ್ಪಣೆಯನ್ನು ಮೆದುಳಿನ ಕಾಂಡ ತಡೆಹಿಡಿಯುತ್ತದೆ. ಇಲ್ಲದಿದ್ದರೆ ಕನಸಿನಲ್ಲಿ ಓಡುವವನು ಹಾಸಿಗೆಯಿಂದ ಎದ್ದು ಓಡಿಯೇಬಿಡುತ್ತಿದ್ದ. ಕೆಲವರಿಗೆ ಒಮ್ಮೊಮ್ಮೆ ಎಚ್ಚರಾದ ಮೇಲೂ ಈ ತಡೆ ಕೆಲವು ಕ್ಷಣ ಬಿಡುವುದಿಲ್ಲ. ಕಣ್ಣು ಬಿಟ್ಟಿದೆ, ಮೈ ಅಲುಗಾಡುವುದಿಲ್ಲ, ಎದೆಯ ಮೇಲೆ ಯಾರೋ ಕೂತ ಹಾಗೆ. ದೆವ್ವ ಅಮುಕಿತು ಅನ್ನುತ್ತಾರಲ್ಲ, ಹೆಚ್ಚಾಗಿ ಅದು ಇದೇ.

ಕನಸಿನ ಹೊಳೆ ಸುಳ್ಳು, ಆದರೆ ಕನಸಿನ ಹೆದರಿಕೆ ಸುಳ್ಳಲ್ಲ. ಹುಡುಗ ಎಚ್ಚರಾಗುವಾಗ ಅವನ ಹೃದಯ ನಿಜವಾಗಿಯೇ ಹೊಡೆದುಕೊಳ್ಳುತ್ತಿತ್ತು, ಬೆವರು ನಿಜವಾದದ್ದೇ. ಹಾಗಾದರೆ ನಿಜವಾಗಿ ಬಿದ್ದವನಿಗೆ ಹೆದರಿಕೆ ಅಂಟುವ ಹಾಗೆ ಕನಸಿನಲ್ಲಿ ಬಿದ್ದವನಿಗೂ ಅಂಟಬಹುದಲ್ವಾ?

ಈ ಪ್ರಶ್ನೆಗೆ ಹೊಂದುವ ಹಳೆಯ ಕೇಸು ಒಂದು ಉಂಟು. ರಷ್ಯಾದ ಶ್ರೀಮಂತ ಜಮೀನ್ದಾರರ ಮಗ ಸೆರ್ಗೆಯ್ ಪಾಂಕೆಯೆಫ್ 1910ರಲ್ಲಿ ವಿಯೆನ್ನಾದ ವೈದ್ಯ ಸಿಗ್ಮಂಡ್ ಫ್ರಾಯ್ಡ್ ಅವರ ಬಳಿಗೆ ಚಿಕಿತ್ಸೆಗೆ ಹೋದ. ಆಗ ಅವನಿಗೆ 23 ವರ್ಷ. ಸುಮಾರು ನಾಲ್ಕು ವರ್ಷದವನಿದ್ದಾಗ ಬಿದ್ದ ಒಂದು ಕನಸನ್ನು ಹೇಳಿದ. ಚಳಿಗಾಲದ ರಾತ್ರಿ, ಮಲಗುವ ಕೋಣೆಯ ಕಿಟಿಕಿ ತಾನಾಗಿಯೇ ತೆರೆಯಿತು. ಹೊರಗೆ ದೊಡ್ಡ ಆಕ್ರೋಟು ಮರದಲ್ಲಿ ಆರೋ ಏಳೋ ಬಿಳಿ ತೋಳಗಳು ಕೂತಿದ್ದವು. ನರಿಗಿರುವಂಥ ದಪ್ಪ ಬಾಲ, ನಿಮಿರಿದ ಕಿವಿ. ತಿಂದುಬಿಡುತ್ತವೆ ಎಂಬ ಹೆದರಿಕೆಯಲ್ಲಿ ಕಿರುಚಿ ಎಚ್ಚರಾದ. ನೋಡಿಕೊಳ್ಳುವ ಆಯಾ ಓಡಿ ಬಂದಳು. ಅದು ಬರೀ ಕನಸು ಅಂತ ಅವನಿಗೆ ಅರ್ಥವಾಗಲು ಬಹಳ ಹೊತ್ತು ಬೇಕಾಯಿತಂತೆ. ಹನ್ನೊಂದು ಹನ್ನೆರಡು ವರ್ಷದವರೆಗೂ ಕನಸಿನಲ್ಲಿ ಏನಾದರೂ ಭಯಂಕರ ಕಂಡೀತು ಎಂಬ ಹೆದರಿಕೆ ಬಿಡಲಿಲ್ಲ. ತೋಳದ ಭಯವಂತೂ ಇದ್ದೇ ಇತ್ತು. ಫ್ರಾಯ್ಡ್ ಈ ಕೇಸನ್ನು 1918ರಲ್ಲಿ ಪ್ರಕಟಿಸಿದರು. 'ತೋಳ ಮನುಷ್ಯ' ಎಂಬ ಹೆಸರಿನಲ್ಲಿ ಅದು ಪ್ರಸಿದ್ಧವಾಯಿತು.

ಮೇಲಿಂದ ನೋಡಿದರೆ ನಮ್ಮ ಹುಡುಗನ ಪ್ರಶ್ನೆಗೆ 'ಹೌದು' ಅಂತ ಉತ್ತರ ಸಿಕ್ಕಿದ ಹಾಗೆ. ಕನಸು ಬಿತ್ತು, ಫೋಬಿಯಾ ಬಂತು. ಆದರೆ ಅದೇ ಬರಹವನ್ನು ಮುಂದೆ ಓದಿ. ಆ ವರ್ಷಗಳಲ್ಲಿ ಅವರ ಮನೆಯಲ್ಲಿ ಒಂದು ಚಿತ್ರಪುಸ್ತಕ ಇತ್ತು. ಅದರಲ್ಲಿ ಎರಡು ಕಾಲಿನಲ್ಲಿ ನಿಂತು ಹೆಜ್ಜೆ ಹಾಕುವ ತೋಳದ ಚಿತ್ರ. ಅಕ್ಕ ಬೇಕುಬೇಕಂತ ಆ ಚಿತ್ರ ಅವನ ಕಣ್ಣಿಗೆ ಬೀಳುವ ಹಾಗೆ ಮಾಡುತ್ತಿದ್ದಳು, ಅವನು ಕಿರುಚಿಕೊಳ್ಳುತ್ತಿದ್ದ, ಅವಳಿಗೆ ಅದೇ ಖುಷಿ. (ಅಕ್ಕಂದಿರು ಎಲ್ಲ ದೇಶದಲ್ಲಿಯೂ ಒಂದೇ!) ಅಜ್ಜ ಅವನಿಗೆ ಒಬ್ಬ ದರ್ಜಿ ತೋಳದ ಬಾಲ ಕಿತ್ತ ಕಥೆ ಹೇಳಿದ್ದರು. ಆ ಕಥೆಯಲ್ಲಿ ತೋಳಗಳೂ ಬರುತ್ತವೆ, ಮರವೂ ಬರುತ್ತದೆ. ಅಂದರೆ ಕನಸಿನ ಸಾಮಾನು ಎಲ್ಲ ಹಗಲಿನ ಮನೆಯೊಳಗೇ ಇತ್ತು.

ಚಿತ್ರದ ಹೆದರಿಕೆ ಮೊದಲೋ, ಕನಸು ಮೊದಲೋ? ಅದನ್ನು ಈಗ ತೀರ್ಮಾನ ಮಾಡಲಿಕ್ಕಾಗುವುದಿಲ್ಲ. ಯಾಕೆಂದರೆ ಹೇಳಿದವನು ನಾಲ್ಕು ವರ್ಷದ ಮಗು ಅಲ್ಲ, ಸುಮಾರು 20 ವರ್ಷ ಕಳೆದ ಮೇಲೆ ನೆನಪು ಮಾಡಿಕೊಂಡ ಯುವಕ. ಅವನು ಬಾಯಲ್ಲಿ ಹೇಳಿದ್ದು ಆರೋ ಏಳೋ ತೋಳ, ಬರೆದುಕೊಟ್ಟ ಚಿತ್ರದಲ್ಲಿ ಇದ್ದದ್ದು ಐದೇ. ನೆನಪು ಕ್ಯಾಮರಾ ಅಲ್ಲ. ಕನಸಿಗೆ ಫ್ರಾಯ್ಡ್ ಕೊಟ್ಟ ಅರ್ಥವನ್ನು ಪಾಂಕೆಯೆಫ್ ತಾನೇ ಮುದುಕನಾದ ಮೇಲೆ ಒಪ್ಪಲಿಲ್ಲ, ಅದು ತೀರಾ ಎಳೆದು ತಂದದ್ದು ಎಂದು ಪತ್ರಕರ್ತೆಯೊಬ್ಬರಿಗೆ ಹೇಳಿದ್ದ.

ವಿಜ್ಞಾನ ಕಲಿಯುವ ನಾವು ಇಲ್ಲಿ ಸ್ವಲ್ಪ ನಿಲ್ಲಬೇಕು. ಕಾಗೆ ಕೂತುಕೊಂಡಿತು, ಟೊಂಗೆ ಮುರಿಯಿತು. ಒಂದರ ನಂತರ ಇನ್ನೊಂದು ನಡೆಯಿತು ಅಂದ ಮಾತ್ರಕ್ಕೆ ಒಂದರಿಂದ ಇನ್ನೊಂದು ಆಯಿತು ಎನ್ನಲು ಬರುವುದಿಲ್ಲ. ಕನಸಿನಿಂದ ಫೋಬಿಯಾ ಬಂತು ಎನ್ನಬೇಕಾದರೆ ಕನಸಿಗಿಂತ ಮೊದಲು ಆ ಹೆದರಿಕೆಯ ಬೀಜ ಇರಲೇ ಇಲ್ಲ ಎಂದು ತೋರಿಸಬೇಕು. ಅದು ಬಹಳ ಕಷ್ಟ.

ಫೋಬಿಯಾ ಬರುವ ದಾರಿಗಳ ಬಗ್ಗೆ ಸ್ಟಾನ್ಲಿ ರಾಖ್ಮನ್ ಎಂಬ ಮನಃಶಾಸ್ತ್ರಜ್ಞರು 1977ರಲ್ಲಿ ಮೂರು ಹೇಳಿದರು: ಸ್ವಂತ ಅನುಭವ, ಇನ್ನೊಬ್ಬರು ಹೆದರುವುದನ್ನು ನೋಡುವುದು, ಮಾತಿನಿಂದ ಕೇಳಿ ತಿಳಿಯುವುದು. ಮೊದಲನೆಯದಕ್ಕೆ ಹಳೆಯ ಉದಾಹರಣೆ 1920ರಲ್ಲಿ ಅಮೆರಿಕದ ವಾಟ್ಸನ್ ಮತ್ತು ರೇನರ್ 'ಪುಟ್ಟ ಆಲ್ಬರ್ಟ್' ಎಂಬ ಶಿಶುವಿನ ಮೇಲೆ ಮಾಡಿದ ಪ್ರಯೋಗ. ಬಿಳಿ ಇಲಿ ತೋರಿಸುವಾಗಲೆಲ್ಲ ಹಿಂದಿನಿಂದ ಕಬ್ಬಿಣದ ಸಲಾಕೆಗೆ ಸುತ್ತಿಗೆಯಿಂದ ಹೊಡೆದು ಮಗು ಇಲಿಗೆ ಹೆದರುವ ಹಾಗೆ ಮಾಡಿದರು. ಆಮೇಲೆ ಮೊಲ ಕಂಡರೂ ಮಗು ಅಳುತ್ತಿತ್ತು. ಇಂಥ ಪ್ರಯೋಗಕ್ಕೆ ಇವತ್ತು ಯಾರೂ ಅನುಮತಿ ಕೊಡುವುದಿಲ್ಲ, ಕೊಡಲೂ ಬಾರದು. ಎರಡನೆಯದಕ್ಕೆ ಉದಾಹರಣೆ ಮಂಗಗಳು. ಪ್ರಯೋಗಾಲಯದಲ್ಲೇ ಬೆಳೆದ, ಹಾವಿನ ಭಯವಿಲ್ಲದ ಮಂಗಗಳು ಕಾಡಿನಲ್ಲಿ ಬೆಳೆದ ಮಂಗ ಹಾವಿಗೆ ಹೆದರುವುದನ್ನು ನೋಡಿದ್ದೇ ತಾವೂ ಹೆದರಲು ಕಲಿತವು ಎಂದು 1980ರ ದಶಕದಲ್ಲಿ ಸೂಸನ್ ಮಿನೇಕಾ ತಂಡ ತೋರಿಸಿತು. ವಿಡಿಯೋ ಜೋಡಿಸಿ ಹೂವಿಗೆ ಹೆದರುವ ಮಂಗವನ್ನು ತೋರಿಸಿದರೆ ಮಾತ್ರ ಹೂವಿನ ಭಯ ಕಲಿಯಲಿಲ್ಲ! ಮೂರನೆಯದಕ್ಕೆ ಉದಾಹರಣೆ ನಮ್ಮ ಮನೆಗಳಲ್ಲೇ ಬೇಕಾದಷ್ಟುಂಟು.

ಈ ಮೂರರಲ್ಲಿ ಕನಸು ಇಲ್ಲ. ಹಾಗಂತ ಕನಸಿಗೆ ಪಾತ್ರವೇ ಇಲ್ಲ ಎಂದಲ್ಲ. ಈಗಾಗಲೇ ಇರುವ ಸಣ್ಣ ಹೆದರಿಕೆಯನ್ನು ಕನಸು ಊದಿ ದೊಡ್ಡದು ಮಾಡಬಹುದು, ಅದಕ್ಕೊಂದು ಚಿತ್ರ ಕೊಡಬಹುದು. ಇದಕ್ಕೆ ವಿರುದ್ಧವಾದ ಸಾಧ್ಯತೆಯೂ ಉಂಟು. 2019ರಲ್ಲಿ ಪ್ರಕಟವಾದ ಜಿನೀವಾ ವಿಶ್ವವಿದ್ಯಾಲಯದವರ ಅಧ್ಯಯನದಲ್ಲಿ 89 ಮಂದಿ ಒಂದು ವಾರ ಕನಸಿನ ದಿನಚರಿ ಬರೆದರು. ನಂತರ ಎಚ್ಚರದಲ್ಲಿ ಹೆದರಿಸುವ ಚಿತ್ರಗಳನ್ನು ತೋರಿಸಿ ಅವರ ಮೆದುಳನ್ನು ಸ್ಕ್ಯಾನ್ ಮಾಡಲಾಯಿತು. ಕನಸಿನಲ್ಲಿ ಹೆಚ್ಚು ಹೆದರಿದ್ದವರ ಅಮಿಗ್ಡಾಲದಂಥ ಭಾಗಗಳು ಎಚ್ಚರದಲ್ಲಿ ಕಡಿಮೆ ಉದ್ರೇಕಗೊಂಡವು. ಅಂದರೆ ಸಾಧಾರಣ ಹೆದರಿಕೆಯ ಕನಸು ನಮಗೆ ಒಂದು ರೀತಿಯ ಕವಾಯತು ಇರಬಹುದು. ಇದು ಸಾಧಾರಣ ಕನಸಿನ ಮಾತು. ಕಿರುಚಿ ಎಚ್ಚರಾಗುವಷ್ಟು ಜೋರಿನ, ಪದೇ ಪದೇ ಬೀಳುವ ದುಃಸ್ವಪ್ನದಲ್ಲಿ ಈ ಲಾಭ ಸಿಗುವುದಿಲ್ಲ ಎಂದು ಆ ಸಂಶೋಧಕರು ಭಾವಿಸುತ್ತಾರೆ.

ಇಷ್ಟು ಓದಿಕೊಂಡು ಹುಡುಗನನ್ನು ಕರೆದು ಕೂರಿಸಿ ಕೇಳಿದೆ, "ಕನಸಿಗಿಂತ ಮೊದಲು ಸಂಕದಲ್ಲಿ ಎಂತಾದರೂ ಆಗಿತ್ತಾ?" ಇಲ್ಲ ಸರ್ ಅಂದ. ಸ್ವಲ್ಪ ಹೊತ್ತು ಬಿಟ್ಟು, "ಒಮ್ಮೆ ಕಾಲು ಜಾರಿತ್ತು, ಬೀಳಲಿಲ್ಲ" ಅಂದ. ಮತ್ತೆ ಸ್ವಲ್ಪ ಹೊತ್ತು ಬಿಟ್ಟು, ನೆರೆಮನೆಯ ಕರು ತೋಡಿನಲ್ಲಿ ಕೊಚ್ಚಿ ಹೋದದ್ದನ್ನು ದೊಡ್ಡವರು ರಾತ್ರಿ ಊಟ ಮಾಡುವಾಗ ಮಾತಾಡಿಕೊಂಡದ್ದು ಹೇಳಿದ. ಅದು ಕನಸಿನ ಹಿಂದಿನ ವಾರ. ಜಾರಿದ ಕಾಲು ಅವನದ್ದು, ಕೆಂಪು ನೀರು ಕರುವಿನದ್ದು. ಅಮಿಗ್ಡಾಲ ರಾತ್ರಿ ಕೂತು ಎರಡನ್ನೂ ಹೊಲಿದುಕೊಟ್ಟಿತು. ಇದು ನನ್ನ ಊಹೆ ಅಷ್ಟೆ, ಅವನ ಮೆದುಳನ್ನು ನಾನು ಸ್ಕ್ಯಾನ್ ಮಾಡಿಲ್ಲ.

ನನ್ನ ಪ್ರಕಾರ ಮುಖ್ಯವಾದದ್ದು ಕನಸು ಬಿದ್ದ ರಾತ್ರಿ ಅಲ್ಲ, ಮರುದಿನ ಬೆಳಿಗ್ಗೆ. ಸಂಕದ ಎದುರು ನಿಂತ, ಎದೆ ಹೊಡೆದುಕೊಂಡಿತು, ತಿರುಗಿ ಹೋದ. ಹೋದ ಕೂಡಲೇ ಏನಾಯಿತು? ಎದೆ ಬಡಿತ ಇಳಿಯಿತು, ಹಾಯೆನಿಸಿತು. ಆ ಹಾಯೆನಿಸುವುದೇ ಬಹುಮಾನ. ಮೆದುಳು ಕಲಿಯುವ ಪಾಠ ಏನು? 'ತಪ್ಪಿಸಿಕೊಂಡದ್ದರಿಂದ ಬದುಕಿದೆ.' ಸಂಕ ದಾಟಿದ್ದರೂ ಏನೂ ಆಗುತ್ತಿರಲಿಲ್ಲ ಎಂಬುದನ್ನು ಕಲಿಯಲು ಅದಕ್ಕೆ ಅವಕಾಶವೇ ಸಿಗುವುದಿಲ್ಲ. ಹೀಗೆ ಒಂದೊಂದು ಸಲ ತಪ್ಪಿಸಿಕೊಂಡಾಗಲೂ ಹೆದರಿಕೆಗೆ ಒಂದೊಂದು ಚಮಚ ಗೊಬ್ಬರ. ಅದರ ಮೇಲೆ ಅಜ್ಜಿಯ ಮಾತು, ಅಂದರೆ ರಾಖ್ಮನ್ ಹೇಳಿದ ಮೂರನೇ ದಾರಿ. ಅಜ್ಜಿ ಹೇಳಿದ್ದು ಪ್ರೀತಿಯಿಂದಲೇ. ಅದೂ ಜುಲೈ ತಿಂಗಳಲ್ಲಿ ಆ ಸಂಕದಲ್ಲಿ ಹೋಗಬೇಡ ಅಂದದ್ದು ಪೂರಾ ತಪ್ಪೂ ಅಲ್ಲ. ಆದರೆ ಅಜ್ಜಿ ಕೊಟ್ಟ ಕಾರಣ ನೀರಲ್ಲ, ಕನಸು. ನೀರು ಇಳಿದರೂ ಆ ಕಾರಣ ಇಳಿಯುವುದಿಲ್ಲ.

ಫೋಬಿಯಾ ಹೋಗಿಸುವ ದಾರಿಯನ್ನು ಚೆನ್ನಾಗಿ ತೋರಿಸಿದವರಲ್ಲಿ ಮೊದಲಿಗರು ಮೇರಿ ಕವರ್ ಜೋನ್ಸ್. 1924ರಲ್ಲಿ ಅವರು ಪೀಟರ್ ಎಂಬ ಮೂರು ವರ್ಷದ ಹುಡುಗನ ಬಗ್ಗೆ ಬರೆದರು. ಅವನಿಗೆ ಬಿಳಿ ಮೊಲ, ತುಪ್ಪಳದ ಕೋಟು, ಹತ್ತಿ ಎಲ್ಲ ಹೆದರಿಕೆ. ಅವನು ಇಷ್ಟದ ತಿಂಡಿ ತಿನ್ನುತ್ತಿರುವಾಗ ಪಂಜರದಲ್ಲಿ ಮೊಲವನ್ನು ದೂರದಲ್ಲಿ ಇಟ್ಟರು. ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪ ಹತ್ತಿರ ತಂದರು. ಕೊನೆಗೆ ಪೀಟರ್ ಮೊಲವನ್ನು ಮುಟ್ಟಿ ಆಟವಾಡಿದ. (ಮೈಸೂರು ವಿಶ್ವವಿದ್ಯಾಲಯದಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮನಃಶಾಸ್ತ್ರ ವಿಭಾಗ ಶುರು ಮಾಡಿದ್ದೂ ಅದೇ 1924ರಲ್ಲಿ. ಮುಂದೆ 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ರೇಡಿಯೋ ಕೇಂದ್ರ ತೆರೆದು 'ಆಕಾಶವಾಣಿ' ಎಂಬ ಹೆಸರಿಗೆ ಕಾರಣರಾದವರೂ ಅವರೇ.)

ನಾವೂ ಹಾಗೆಯೇ ಮಾಡಿದೆವು, ಆದರೆ ಮಳೆಗಾಲದಲ್ಲಿ ಅಲ್ಲ. ಡಿಸೆಂಬರ್ ತನಕ ಕಾದೆವು. ತೋಟದವರು ತೋಡಿಗೆ ಕಟ್ಟ ಕಟ್ಟುವ ಹೊತ್ತಿಗೆ ಅವನ ಸಂಕದ ಅಡಿಯಲ್ಲಿ ನೀರು ಪಾದ ಮುಳುಗುವಷ್ಟು ಮಾತ್ರ. ಅವನ ಸೋದರಮಾವ ಇನ್ನೊಂದು ಅಡಿಕೆ ಮರ ಸೇರಿಸಿ, ಹಿಡಿದುಕೊಳ್ಳಲಿಕ್ಕೆ ಬಿದಿರು ಕಟ್ಟಿಕೊಟ್ಟರು. ಮೊದಲು ಹುಡುಗ ನೋಟ್ ಪುಸ್ತಕದಲ್ಲಿ ಸಂಕದ ಚಿತ್ರ ಬರೆದ. ಆಮೇಲೆ ಗೆಳೆಯನ ಜೊತೆ ದಡದಲ್ಲಿ ನಿಂತ. ನಿಯಮ ಒಂದೇ: ಎದೆ ಬಡಿತ ಇಳಿಯುವ ತನಕ ಅಲ್ಲಿಂದ ಓಡಬಾರದು. ನಂತರ ಒಂದು ಕಾಲು ಮರದ ಮೇಲೆ. ನಂತರ ನಾಲ್ಕು ಹೆಜ್ಜೆ ಹೋಗಿ ವಾಪಸು. ಮಧ್ಯೆ ಒಂದು ವಾರ ಏನೂ ಮುಂದೆ ಹೋಗಲಿಲ್ಲ, ನನಗೇ ಬೇಸರ ಬಂತು. ಕ್ರಿಸ್‌ಮಸ್ ರಜೆ ಮುಗಿದು ಬಂದ ದಿನ ಸರಿಯಾದ ಸಮಯಕ್ಕೆ ಕ್ಲಾಸಿನಲ್ಲಿದ್ದ. ನಾನು ಎಂತದೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಕನಸಿಗೂ ಒಂದು ಮದ್ದು ಉಂಟು. ಪದೇ ಪದೇ ಬೀಳುವ ಕೆಟ್ಟ ಕನಸನ್ನು ಹಗಲು ಎಚ್ಚರದಲ್ಲಿ ಬರೆದು, ಅದಕ್ಕೆ ನಮಗೆ ಬೇಕಾದ ಹಾಗೆ ಬೇರೆ ಅಂತ್ಯ ಕೊಟ್ಟು, ಆ ಹೊಸ ಕನಸನ್ನು ದಿನಾ ಸ್ವಲ್ಪ ಹೊತ್ತು ಕಣ್ಣ ಮುಂದೆ ತಂದುಕೊಳ್ಳುವುದು. ಬ್ಯಾರಿ ಕ್ರಾಕೋವ್ ಎಂಬ ವೈದ್ಯರ ತಂಡ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಭೀಕರ ಅನುಭವಗಳನ್ನು ದಾಟಿ ಬಂದವರಿಗೂ ಇದರಿಂದ ದುಃಸ್ವಪ್ನ ಕಡಿಮೆಯಾಯಿತು. ನಮ್ಮ ಹುಡುಗ ಬರೆದ ಅಂತ್ಯ ಹೀಗಿತ್ತು: 'ನಾನು ನೀರಿಗೆ ಬಿದ್ದೆ. ನೀರು ಮೊಣಕಾಲಿನಷ್ಟೇ ಇತ್ತು. ಎದ್ದು ಬಂದೆ. ಚೀಲದಲ್ಲಿದ್ದ ಗಣಿತ ಪುಸ್ತಕ ಮಾತ್ರ ತೇಲಿ ಹೋಯಿತು.' ಆ ಕನಸು ಆಮೇಲೆ ಕಡಿಮೆಯಾಯಿತಂತೆ. ಒಬ್ಬನಿಗೆ ಆದದ್ದು ಪುರಾವೆ ಅಲ್ಲ ಎಂದು ನೀವು ಹೇಳಬೇಕು. ಸರಿ, ಒಪ್ಪಿದೆ.

ನಿಮ್ಮಲ್ಲಿ ಯಾರಿಗಾದರೂ ಇಂಥ ಹೆದರಿಕೆ ಇದ್ದು ಓದಿಗೋ ನಿದ್ದೆಗೋ ತೊಂದರೆ ಆಗುತ್ತಿದ್ದರೆ ಒಬ್ಬರೇ ಧೈರ್ಯ ಪರೀಕ್ಷೆ ಮಾಡಲು ಹೋಗಬೇಡಿ. ಗೆಳೆಯರು ಬಲವಂತವಾಗಿ ತಳ್ಳುವುದಂತೂ ಬೇಡವೇ ಬೇಡ, ಅದರಿಂದ ಹೆದರಿಕೆ ಹೆಚ್ಚಾಗುತ್ತದೆ. ಶಾಲೆಯ ಕೌನ್ಸಿಲರ್ ಹತ್ತಿರವೋ ನಿಮಗೆ ಸಲಿಗೆ ಇರುವ ಟೀಚರ್ ಹತ್ತಿರವೋ ಹೇಳಿ. 14416 ಎಂಬುದು ಕೇಂದ್ರ ಸರ್ಕಾರ 2022ರಲ್ಲಿ ಶುರು ಮಾಡಿದ 'ಟೆಲಿ ಮಾನಸ್' ಉಚಿತ ಸಹಾಯವಾಣಿ. ಅದರಲ್ಲಿ ಕನ್ನಡದಲ್ಲಿ ಕೇಳಿಕೊಳ್ಳಬಹುದು.

ಮಾಡಿ ನೋಡಿ: ತಲೆದಿಂಬಿನ ಹತ್ತಿರ ಒಂದು ಪುಸ್ತಕ, ಪೆನ್ಸಿಲು ಇಟ್ಟುಕೊಳ್ಳಿ. 14 ದಿನ, ಎಚ್ಚರಾದ ಕೂಡಲೇ, ಮುಖ ತೊಳೆಯುವ ಮೊದಲೇ ಕನಸನ್ನು ಬರೆಯಿರಿ. ಎದುರಿನ ಪುಟದಲ್ಲಿ ಹಿಂದಿನ ಎರಡು ಮೂರು ದಿನ ನೋಡಿದ, ಕೇಳಿದ, ಹೆದರಿದ ವಿಷಯಗಳನ್ನು ಬರೆಯಿರಿ. ಕನಸಿನ ಯಾವ ತುಂಡು ಹಗಲಿನ ಯಾವ ತುಂಡಿನಿಂದ ಬಂದಿರಬಹುದು ಎಂದು ಗೆರೆ ಎಳೆದು ಜೋಡಿಸಿ. ಜೋಡಿಸಲಿಕ್ಕಾಗದ ತುಂಡುಗಳನ್ನು ಬಿಡಬೇಡಿ, ಅವನ್ನೂ ಲೆಕ್ಕ ಮಾಡಿ. ಕನಸಿನಲ್ಲಿ ಕಂಡದ್ದು ನಿಜವಾಯಿತು ಅನಿಸಿದರೆ ಅದನ್ನೂ ಬರೆಯಿರಿ, ನಿಜವಾಗದ ಕನಸು ಎಷ್ಟು ಎಂಬುದನ್ನೂ ಪಕ್ಕದಲ್ಲೇ ಬರೆಯಿರಿ. ಇನ್ನೊಬ್ಬರಿಗೆ ತೋರಿಸಬೇಕೆಂದಿಲ್ಲ, ಲೆಕ್ಕ ಮಾತ್ರ ವಿಜ್ಞಾನ ಕ್ಲಬ್ಬಿಗೆ ತನ್ನಿ.

ಈ ವರ್ಷ ಜೂನಿನಲ್ಲಿ ಶಾಲೆ ಶುರುವಾಗಿ ಎರಡನೇ ವಾರ, ಜೋರು ಮಳೆಯ ದಿನ, ಅದೇ ಹುಡುಗ ಪುನಃ ತಡವಾಗಿ ಬಂದ. ಪ್ಯಾಂಟಿನ ಮೊಣಕಾಲಿನ ತನಕ ಕೆಸರು, ಗುಡ್ಡೆ ಸುತ್ತಿ ಬಂದದ್ದು ಅಂತ ನೋಡಿದರೆ ಗೊತ್ತಾಗುತ್ತಿತ್ತು. ನನಗೆ ಒಮ್ಮೆ ಬೇಸರವೇ ಆಯಿತು. "ಎಂತ, ಪುನಃ ಕನಸಾ?" ಅಂತ ಕೇಳಿದೆ. "ಅಲ್ಲ ಸರ್," ಅಂದ, "ನೀರು ಸಂಕದ ಮೇಲಿಂದ ಹೋಗ್ತಾ ಉಂಟು."